ಸುತ್ತು ಬರಬಾರದ ಬೆಂಕಿ

ನಮೀಬಿಯಾದ ಹಿಂಬಾ ಬುಡಕಟ್ಟಿನ ಹಳ್ಳಿಯೊಳಗೆ ಕಾಲಿಟ್ಟು ಹತ್ತು ನಿಮಿಷ ಆಗಿರಲಿಲ್ಲ, ಗುರುತಿಲ್ಲದ ಹೆಂಗಸೊಬ್ಬಳು ನನ್ನ ಕೈ ಎಳೆದು ಮೊಣಕೈವರೆಗೆ ಕೆಂಪು ಬಳಿದುಬಿಟ್ಟಳು. ಬೆಣ್ಣೆಗೆ ಕೆಂಪು ಕಲ್ಲಿನ ಪುಡಿ ಕಲಸಿದ ಲೇಪ. ಹಿಂಬಾ ಹೆಂಗಸರು ಇದಕ್ಕೆ 'ಒಟ್ಜಿಜೆ' ಎನ್ನುತ್ತಾರೆ, ಮೈಗೂ ಜಡೆಗೂ ದಿನವೂ ಹಚ್ಚಿಕೊಳ್ಳುತ್ತಾರೆ. ನೀರಿನ ಸ್ನಾನವಿಲ್ಲ, ಪರಿಮಳದ ಹೊಗೆಯೇ ಸ್ನಾನ. ಜೋಗದ ಕಾಲೋನಿಯಲ್ಲಿ, ಒಗೆದ ಬಟ್ಟೆ ವಾರವಾದರೂ ಒಣಗದ ಮನೆಯಲ್ಲಿ ಬೆಳೆದ ನನಗೆ ಇದನ್ನು ನಂಬಲಿಕ್ಕೇ ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ಅಮ್ಮ, "ಅದ್ರಲ್ಲೆಂತ? ನಾವು ಅರಿಶಿನ ಹಚ್ಕಳಲ್ವಾ?" ಎಂದು ಮಾತು ಮುಗಿಸಿದಳು.

ನಮೀಬಿಯಾದ ಒಪುವೊ ಎಂಬ ಸಣ್ಣ ಪೇಟೆಗೆ ನಾನು ಬಂದದ್ದು ಲಾಡ್ಜೊಂದರ ಅಡುಗೆಯವಳಾಗಿ. ತಗಡಿನ ಮಾಡಿನ ಒಂದು ಕೋಣೆ, ಡ್ರಮ್ಮಿನಲ್ಲಿ ನೀರು. ಮೊದಮೊದಲು ಕನ್ನಡ ಮಾತಾಡಲು ಒಗ್ಗರಣೆ ಬಾಣಲೆಯೇ ಗತಿ. ಜೋಳದ ಹಿಟ್ಟಿನ ಗಟ್ಟಿ ಅಂಬಲಿ ರೂಢಿಯಾಯಿತು, 'ಮೊರೊ' ಎಂದರೆ ನಮಸ್ಕಾರ ಎಂದು ಕಲಿತೆ. ವರ್ಷ ತುಂಬುವಷ್ಟರಲ್ಲಿ ಸಂತೆಯಲ್ಲಿ ಚೌಕಾಸಿ ಮಾಡಿ ಗೆಲ್ಲುವಷ್ಟು ಅಲ್ಲಿಯ ಭಾಷೆ ಬಂತು. ಆಗ ಲಾಡ್ಜಿನ ಮಾಲೀಕರು, ಭಾರತದ ಅತಿಥಿಗಳು ಹೆಚ್ಚುತ್ತಿದ್ದಾರೆ, ಕವೇಟು ಜೊತೆ ಹೋಗಿ ಗೈಡ್ ಕೆಲಸ ಕಲಿ ಎಂದರು. ಕವೇಟು ನಮ್ಮ ಹಳೆಯ ಗೈಡ್. ಅತಿಥಿಗಳನ್ನು ಕರೆದೊಯ್ಯುವ ಹಿಂಬಾ ಹಳ್ಳಿಯ ಯಜಮಾನ ಒಪ್ಪಿದರೆ ಕೆಲಸ ನನ್ನದು, ಇಲ್ಲದಿದ್ದರೆ ಮತ್ತೆ ಬಾಣಲೆ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಕೈಗೆ ಕೆಂಪು ಬಳಿಸಿಕೊಂಡ ಆ ಮೊದಲ ದಿನವೇ ನೋಡಿದೆ, ಯಜಮಾನನ ಗುಡಿಸಲಿಗೂ ದನದ ದೊಡ್ಡಿಗೂ ನಡುವೆ ನಾಲ್ಕು ಕೊರಡು ಹೊಗೆಯಾಡುತ್ತಿದ್ದವು. "ಇದು ಇವರ ಪೂರ್ವಿಕರ ಬೆಂಕಿ. ಆರಲು ಬಿಡುವುದಿಲ್ಲ," ಎಂದ ಕವೇಟು. ಅವನು ಇನ್ನೂ ಹೇಳುವವನಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಪೂರ್ವಿಕರು, ಬೆಂಕಿ, ಆರಬಾರದು: ಸಾಗರದ ಕಡೆಯವಳಿಗೆ ಇದಕ್ಕಿಂತ ವಿವರಣೆ ಬೇಕೆ? ಚಪ್ಪಲಿ ಬಿಟ್ಟೆ, ಕೈ ಮುಗಿದೆ, ಇಕ್ಕೇರಿ ದೇವಸ್ಥಾನದಲ್ಲಿ ಮಾಡುವ ಹಾಗೆ ಬೆಂಕಿಯನ್ನು ಬಲಕ್ಕಿಟ್ಟುಕೊಂಡು ಸುತ್ತು ಹೊರಟೆ. ಕವೇಟು ಓಡಿಬಂದು ಭುಜ ಹಿಡಿದ. ಬೆಂಕಿಗೂ ಯಜಮಾನನ ಬಾಗಿಲಿಗೂ ನಡುವೆ ಹೊರಗಿನವರು ಹಾಯುವಂತಿಲ್ಲ. ನಾನು ಸರಿಯಾಗಿ ಅಲ್ಲೇ ಹಾದಿದ್ದೆ, ಅದೂ ಭಕ್ತಿಯಿಂದ.

ಯಜಮಾನ ಕರೆಸಿ ಕೂರಿಸಿದ. ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ನಿಜ ಅದಲ್ಲ. "ಗೊತ್ತಿದೆ ಅಂದುಕೊಂಡಿದ್ದೆ," ಎಂದೆ. "ನಮ್ಮಲ್ಲಿ ಸುತ್ತು ಬರುವುದೇ ಗೌರವ."

ಇಷ್ಟು ಹೇಳಲು ನನ್ನ ಸಂತೆಯ ಭಾಷೆ ಸಾಲದು, ಕವೇಟು ಅದನ್ನು ಅವರ ಭಾಷೆಯಲ್ಲಿ ಹೇಳಿದ. ಯಜಮಾನ ನಶ್ಯ ಏರಿಸಿ ಯೋಚಿಸಿದ. "ನಿನ್ನ ಜನ ಎಲ್ಲ ಹೀಗೇ ಮಾಡುತ್ತಾರಾ?"

"ಬಹಳ ಜನ ಮಾಡುತ್ತಾರೆ."

"ಹಾಗಾದರೆ ಅವರು ಬಂದಾಗ ನೀನೇ ಇಲ್ಲಿ ನಿಂತು ತಡೆ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಅಡ್ಡ ನಡೆದವಳಿಗೇ ಕಾವಲು ಕೆಲಸ ಸಿಕ್ಕಿತು.

ಹೋದ ತಿಂಗಳು ತೀರ್ಥಹಳ್ಳಿಯ ಗಂಡಹೆಂಡತಿ ಬಂದಿದ್ದರು. ಕನ್ನಡ ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಹಳ್ಳಿಗೆ ಕರೆದೊಯ್ದೆ, ಎಲ್ಲ ಮೊದಲೇ ಹೇಳಿದ್ದೆ. ಆದರೂ ಬೆಂಕಿ ಕಂಡದ್ದೇ ಆ ಹೆಂಗಸು ಚಪ್ಪಲಿ ಬಿಟ್ಟು ಹೊರಟರು. ಅಡ್ಡ ನಿಂತೆ.

"ಅಕ್ಕಾ, ಇಲ್ಲಿ ಸುತ್ತು ಬರಬಾರ್ದು. ನಿಂತಲ್ಲೇ ಕೈ ಮುಗೀರಿ."

"ಒಂದೇ ಸುತ್ತು ಮಾರಾಯ್ತಿ. ನಮ್ಮ ಕಡೆಯವಳಾಗಿ ನೀನೇ ಹಿಂಗಂದ್ರೆ ಹೆಂಗೆ?"

"ಬೇಡ ಅಕ್ಕಾ. ಇದು ಇವ್ರ ಮನೆ."

ಅವರು ನಿಂತಲ್ಲೇ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಳ್ಳುತ್ತ, "ನೀನು ಇಲ್ಲಿಯವ್ಳೇ ಆಗ್ಬಿಟ್ಟೆ ಬಿಡು," ಎಂದರು. ಬಾಗಿಲಲ್ಲಿ ಕೂತಿದ್ದ ಯಜಮಾನ ನನ್ನ ಕಡೆ ತಲೆಯಾಡಿಸಿದ. ಹೆಮ್ಮೆಯಾಯಿತು, ಸಂಕಟವೂ ಆಯಿತು. ಆ ಅಕ್ಕನಿಗೂ ಯಜಮಾನನಿಗೂ ನಾನು ಹೇಳದ ಮಾತೊಂದಿದೆ. ಆ ಬೆಂಕಿಯ ಮುಂದೆ ನಿಂತಾಗಲೆಲ್ಲ ನನ್ನ ಕಾಲು ಇವತ್ತಿಗೂ ಸುತ್ತು ಬರಲು ಹೊರಡುತ್ತದೆ, ಆ ಅಕ್ಕನನ್ನು ತಡೆಯುವುದಕ್ಕಿಂತ ನನ್ನನ್ನು ತಡೆಯುವುದೇ ಕಷ್ಟ.