ಕಪ್ಪು ಲಕೋಟೆಯೊಳಗಿನ ಕೈ

ಮೊನ್ನೆ ನನ್ನವಳು ಕಲೆ ಬಿಡಲೆಂದು ಕಾಫಿ ಫಿಲ್ಟರನ್ನು ವಿನೆಗರ್‌ನಲ್ಲಿ ನೆನೆಹಾಕಿದ್ದಳು. ಆ ಹುಳಿ ಘಾಟು ಮೂಗಿಗೆ ಅಡರಿದ್ದೇ ತಡ, ಪಕ್ಕದ ಮನೆಯ ಫೋಟೋದವರು ನೆನಪಾದರು. ನಾವು ಮೈಸೂರು ಬಿಟ್ಟು ಈ ಪರದೇಶದ ಕೆನ್ಮೋರ್‌ಗೆ ಬಂದ ಹೊಸತರಲ್ಲಿ ಅವರ ಬಚ್ಚಲುಮನೆಯಿಂದ ಸದಾ ಇದೇ ವಾಸನೆ. ಅಲ್ಲೇ ಅವರು ಇಂಥದೇ ಹುಳಿ ರಸಾಯನದಲ್ಲಿ ಫೋಟೋ ತೊಳೆಯುತ್ತಿದ್ದರು.

ಎಂಬತ್ತು ದಾಟಿದ ಆಸಾಮಿ. ಸೋವಿಯತ್ ಕಾಲದಲ್ಲಿ ಲೆನಿನ್‌ಗ್ರಾಡ್‌ನ ಒಂದು ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸಗಾರರ ಫೋಟೋ ತೆಗೆದು ಗೋಡೆಗೆ ಹಾಕುವುದು ಅವರ ನೌಕರಿ. ಬಿಡುವಿನಲ್ಲಿ ತಮಗೆ ಬೇಕಾದ್ದನ್ನು ತೆಗೆಯುತ್ತಿದ್ದರು: ಖಾಲಿ ಮೆಟ್ಟಿಲು, ಒದ್ದೆ ಅಂಗಳ, ಕಿಟಕಿಯ ಬಳಿ ನಿಂತ ಹೆಂಡತಿ. ಪ್ರದರ್ಶನಕ್ಕೆ ಕೊಟ್ಟರೆ, "ಇದರಲ್ಲಿ ನಗೋ ಕೆಲಸಗಾರ ಎಲ್ಲಿ?" ಎಂದು ಅಧಿಕಾರಿಗಳು ವಾಪಸು ಮಾಡುತ್ತಿದ್ದರಂತೆ. ದೇಶ ಬಿಡುವಾಗ ನೆಗೆಟಿವ್‌ಗಳೆಲ್ಲ ಅಲ್ಲೇ ಉಳಿದವು. ಕೋಟಿನ ಅಸ್ತರಿನೊಳಗೆ ಹೊಲಿದು ತಂದದ್ದು ಒಂದೇ, ತೀರಿಹೋದ ಹೆಂಡತಿಯದು. ಜೊತೆಗೆ ಅಲ್ಲಿಯ ಫೋಟೋ ಕಾಗದದ ಒಂದು ಡಬ್ಬಿ. ಅದರಲ್ಲಿ ಉಳಿದಿದ್ದ ಏಳೆಂಟು ಹಾಳೆ ಆ ಮುಖಕ್ಕೇ ಮೀಸಲು.

"ಹೊಸ ಕಾಗದದಲ್ಲಿ ಅವಳು ಬೇರೆ ಯಾರೋ ಆಗ್ತಾಳೆ. ಕಣ್ಣಿನ ಪೊರೆ ತೆಗೆಸಿಕೊಂಡು ಪ್ರಿಂಟ್ ಮಾಡ್ತೀನಿ," ಎನ್ನುತ್ತಿದ್ದರು, ನಮ್ಮಿಬ್ಬರ ಮುರುಕು ಇಂಗ್ಲಿಷಿನಲ್ಲಿ.

ನಾನೋ, ಕೊಳಾಯಿಯಲ್ಲಿ ಮಜ್ಜಿಗೆ ಬರುತ್ತದೆಂದು ಮೈಸೂರಿನ ಇಡೀ ವಠಾರವನ್ನು ಬಿಂದಿಗೆ ಹಿಡಿಸಿ ನಿಲ್ಲಿಸಿದವನು. ಇವರನ್ನು ಬಿಡುತ್ತೇನೆಯೆ? ಕನ್ನಡದಲ್ಲಿ ನಮಸ್ಕಾರ ಹೀಗೆ ಎಂದು "ಅಮ್ಮಾ, ಊಟ ಹಾಕಿ" ಅನ್ನುವುದನ್ನು ಕಲಿಸಿದೆ. ಬಾಗಿಲಲ್ಲಿ ಕೈಮುಗಿದು ಅದನ್ನೇ ಹೇಳಿದರು. "ಪಾಪ, ಹಸಿದಿದಾರೆ ಕಣ್ರೀ," ಎಂದು ನನ್ನವಳು ತಟ್ಟೆ ಹಾಕಿಯೇಬಿಟ್ಟಳು. ಅಲ್ಲಿಂದ ಪ್ರತಿ ಭಾನುವಾರ ನಮಸ್ಕಾರ ಹೇಳಲು ಬರತೊಡಗಿದರು... ಯಾರು ಯಾರಿಗೆ ಟೋಪಿ ಹಾಕಿದರೋ!

ಅದೇ ಉಮೇದಿನಲ್ಲಿ ಒಂದು ಮಧ್ಯಾಹ್ನ, ಅವರು ಚಹಾ ಮಾಡಲು ಹೋದಾಗ, ಆ ಡಬ್ಬಿ ತೆರೆದು, ಒಳಗಿನ ಕಪ್ಪು ಹೊದಿಕೆ ಬಿಡಿಸಿ, ಹಾಳೆಗಳ ಮೇಲೆ ರಬ್ಬರ್ ಹಲ್ಲಿಯೊಂದನ್ನು ಮಲಗಿಸಿದೆ. ಕತ್ತಲಲ್ಲಿ ಮಾತ್ರ ತೆರೆಯಬೇಕಾದ ಡಬ್ಬಿ ಅದು ಎಂದು ನನಗೇನು ಗೊತ್ತು! ಮುಚ್ಚುವ ಮೊದಲೇ ಅವರು ಬಂದರು. ಹಲ್ಲಿ ಅವರ ಕಣ್ಣಿಗೇ ಬೀಳಲಿಲ್ಲ. ಹಾಳೆಗಳ ಮೇಲಿನ ಬಿಸಿಲನ್ನು ನೋಡುತ್ತ ನಿಂತರು.

"ಏನಾಯ್ತು?" ಎಂದೆ, ಇನ್ನೂ ನಗುತ್ತಲೇ.

"ಬೆಳಕು ತಾಗಿತು. ಎಲ್ಲಾ ಹೋಯ್ತು."

ಬೈಯಲಿಲ್ಲ. ಹಾಳಾದ ಒಂದು ಹಾಳೆಯನ್ನು ಹಿತ್ತಲಿನ ಮೇಜಿನ ಮೇಲೆ ಬಿಸಿಲಿಗಿಟ್ಟು, "ಕೈ ಇಡು. ಅಲ್ಲಾಡಬೇಡ. ಇದೇ ಶಿಕ್ಷೆ," ಎಂದರು. ಪಕ್ಕದಲ್ಲೇ ತಮ್ಮ ಕೈಯನ್ನೂ ಇಟ್ಟರು. ಒಂದು ಗಂಟೆ! ಮೂಗು ತುರಿಸಿದರೂ ನಾನು ಕಮಕ್ ಕಿಮಕ್ ಅನ್ನಲಿಲ್ಲ. ತಮ್ಮ ಹೆಂಡತಿ ಕಿಟಕಿಗೆ ಹೇಗೆ ಒರಗುತ್ತಿದ್ದಳು, ಫೋಟೋ ತೆಗೆಯುವಾಗ ಹೇಗೆ ಬೇಕೆಂದೇ ಸೀನುತ್ತಿದ್ದಳು ಎಂದು ಮೆಲ್ಲಗೆ ಹೇಳುತ್ತ ಹೋದರು... ಕೈ ಎತ್ತಿದಾಗ ಕಾಗದವೆಲ್ಲ ನೇರಳೆಗಟ್ಟಿ, ನಮ್ಮ ಕೈಗಳ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅದನ್ನು ಕಪ್ಪು ಲಕೋಟೆಗೆ ಹಾಕಿ ಕೊಟ್ಟರು.

"ಇದನ್ನ ರಸಾಯನದಲ್ಲಿ ತೊಳೆದಿಲ್ಲ. ಬೆಳಕಿಗೆ ತೆಗೆದಷ್ಟೂ ಅಳಿಸಿಹೋಗುತ್ತೆ. ನೋಡೋಣ, ಡಬ್ಬಿ ತೆಗೆಯೋ ಮಹಾರಾಯ ಎಷ್ಟು ದಿನ ತಡ್ಕೋತಾನೆ!" ಎಂದು, ಆಗ ನಕ್ಕರು.

ಕಣ್ಣಿನ ಆಪರೇಷನ್‌ಗೆ ಮೊದಲೇ ಅವರು ಹೋಗಿಬಿಟ್ಟರು. ಆ ಹೆಣ್ಣುಮಗಳ ಮುಖ ತನ್ನ ಕಾಗದಕ್ಕೆ ಇಳಿಯಲೇ ಇಲ್ಲ, ನನ್ನಿಂದ. ಎಂಥೆಂಥದನ್ನೋ ನಗುವಾಗಿ ತಿರುಗಿಸಿದ್ದೇನೆ; ಇದು ತಿರುಗುವುದಿಲ್ಲ. ಸದಾ ಕ್ಯಾಮೆರಾದ ಹಿಂದೆಯೇ ಇದ್ದವರು, ಅವರ ಫೋಟೋ ಒಂದೂ ನನ್ನಲ್ಲಿಲ್ಲ. ಇರುವುದು ಆ ಕೈ ಮಾತ್ರ.

ನಿನ್ನೆ ತಡೆಯಲಾಗದೆ ಲಕೋಟೆಯ ಬಾಯನ್ನು ಇಷ್ಟೇ ಇಷ್ಟು ಬಿಡಿಸಿದೆ, ಎಷ್ಟನೆಯ ಸಲವೋ. ಅವರ ಕಿರುಬೆರಳಿನ ತುದಿ ಕಂಡಿತು. ಆಗಲೇ ನೇರಳೆಗೆ ತಿರುಗಿತ್ತು... ಮುಚ್ಚಿಬಿಟ್ಟೆ.