ಬಿರುಕು ಬಿಟ್ಟ ಲಾಟೀನಿನ ಮೊದಲನೇ ಮುದ್ರಣ

ರಾಜಾಜಿನಗರದ ವೆಂಕಟಗಿರಿ ಪುಸ್ತಕ ಓದುವವನಲ್ಲ. ಓದುವುದು ಬೇರೆ ಕೆಲಸವಿಲ್ಲದವರ ಚಟ ಎಂದೇ ಅವನ ನಂಬಿಕೆ. ಅವನು ಪುಸ್ತಕ ಎಷ್ಟನೇ ಮುದ್ರಣ ಎಂದು ನೋಡುವವನು. ಮದುವೆಗೆ ಹೋದರೂ ಎಲೆಯ ಮುಂದೆ ಕೂತು ಲಗ್ನಪತ್ರಿಕೆಯನ್ನು ಬೆಳಕಿಗೆ ಹಿಡಿದು, “ಇದು ಎರಡನೇ ಸಲ ಹೊಡೆಸಿದ್ದು, ಮಸಿ ತೆಳು” ಎಂದು ಬೀಗರನ್ನು ಗಾಬರಿಪಡಿಸಿದವನು. ಸೈಕ್ಲೋಸ್ಟೈಲ್ ಮಾಡಿದ ಕಿರುಪತ್ರಿಕೆ ಕೊಟ್ಟರೆ ಮೂಸಿ, ಸ್ಟೆನ್ಸಿಲ್ಲಿನಿಂದ ಅದು ಎಷ್ಟನೆಯದಾಗಿ ಹೊರಬಿತ್ತು ಎಂದು ಹೇಳಿಬಿಡುತ್ತಿದ್ದ. ಅದು ಸುಳ್ಳೆಂದು ಸಾಬೀತು ಮಾಡುವಷ್ಟು ಬಿಡುವು ಭೂಮಿಯ ಮೇಲೆ ಬೇರೆ ಯಾರಿಗೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ವಿಜಯನಗರದಲ್ಲಿ ಒಂದು ಕಲ್ಲು ಎಸೆದರೆ ಒಬ್ಬ ಕವಿಯ ತಲೆಗೆ ಬಿದ್ದು, ಅಲ್ಲಿಂದ ಪುಟಿದು ಕೆಂಗೇರಿಯ ಕವಿಯ ಹಲ್ಲು ಮುರಿಯುತ್ತಿತ್ತು. ಎಲ್ಲರೂ ಸ್ವಂತ ಖರ್ಚಿನಲ್ಲಿ ಸಂಕಲನ ಅಚ್ಚು ಹಾಕಿಸಿ, ಸ್ವಂತ ಮಂಚದ ಕೆಳಗೆ ಪೇರಿಸಿ, ಮಂಚ ಸೂರು ಮುಟ್ಟಿದ ಮೇಲೆ ಮಲಗಲು ಏಣಿ ಹತ್ತುತ್ತಿದ್ದರು. ಆರ್‌ಪಿಸಿ ಲೇಔಟಿನ ಗುರುಸಿದ್ದಯ್ಯ ಮೇಷ್ಟ್ರು ಅಂಥವರಲ್ಲಿ ಒಬ್ಬ. ಅವನ ‘ಸೀಮೆಎಣ್ಣೆಯ ಸ್ವಗತ’ ಅಚ್ಚಾದದ್ದು ಕೆಂಗೇರಿಯ ಒಂದು ಕಾಲಲ್ಲಿ ತುಳಿಯುವ ಟ್ರೆಡಲ್ ಪ್ರೆಸ್ಸಿನಲ್ಲಿ. ಮುಖಪುಟಕ್ಕೆ ಲಾಟೀನಿನ ಚಿತ್ರ, ಒಳಗೆ ‘ಮೂರನೇ ಮುದ್ರಣ’ ಎಂಬ ಜಂಬ.

ಹಾಗಾದರೆ ಮೊದಲನೆಯದೆಲ್ಲಿ? ಮೂರನೆಯದರ ಪ್ರತಿ ಕೈಗೆ ಬಿದ್ದದ್ದೇ ವೆಂಕಟಗಿರಿ ಊರೆಲ್ಲ ಜಾಲಾಡಿದ. ಕಡೆಗೆ ಕೆಂಗೇರಿ ಸ್ಟೇಷನ್ ಎದುರು, ತಾನು ವಾರವಾರ ಕೆದಕುತ್ತಿದ್ದ ರದ್ದಿ ಅಂಗಡಿಯಲ್ಲೇ ಸಿಕ್ಕಿತು: ‘ಮೊದಲನೇ ಮುದ್ರಣ’. ಅದರ ಲಾಟೀನಿನ ಗಾಜಿನ ಮೇಲೆ ಅಡ್ಡಕ್ಕೆ, ಮೂರನೆಯದರಲ್ಲಿ ಇಲ್ಲದ ಒಂದು ಬಿಳಿಯ ಬಿರುಕು. ವೆಂಕಟಗಿರಿ ಅಲ್ಲೇ ಸಿದ್ಧಾಂತ ಹೂಡಿದ: ಮೊದಲು ಬಿರುಕಿತ್ತು, ಆಮೇಲೆ ತಿದ್ದಿದ್ದಾರೆ, ಆದ್ದರಿಂದ ಬಿರುಕೇ ಮೊದಲ ಮುದ್ರಣದ ಗುರುತು. ಇದನ್ನೇ ಹಿಗ್ಗಿಸಿ, ಸಂಪಾದಕನೂ ಓದದ ಒಂದು ಕಿರುಪತ್ರಿಕೆಯಲ್ಲಿ ಲೇಖನ ಬರೆದ. ಜ್ಞಾನಭಾರತಿ ಪಕ್ಕದ ಬಡಾವಣೆಯಲ್ಲಿ ಪುಸ್ತಕಪ್ರೇಮಿಗಳ ಸಂಘ ನಡೆಸುತ್ತಿದ್ದ ಚಕ್ರಪಾಣಿ ಲೇಖನದ ತಲೆಬರಹವನ್ನಷ್ಟೇ ನೋಡಿ ಉಪನ್ಯಾಸಕ್ಕೆ ಕರೆದುಬಿಟ್ಟ. ವೆಂಕಟಗಿರಿಯನ್ನು ವೇದಿಕೆಗೆ ಕರೆದದ್ದು ಜೀವಮಾನದಲ್ಲೇ ಅದು ಮೊದಲು. ಎದೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿ ಹಾರಿ ಎದುರುಮನೆಯ ಕಿಟಕಿ ಗಾಜು ಒಡೆಯಿತು.

ಉಪನ್ಯಾಸದ ದಿನ ಬೆಳಿಗ್ಗೆ ಅವನು ಎರಡೂ ಪ್ರತಿಗಳನ್ನು ಚೀಲಕ್ಕೆ ಹಾಕುತ್ತಿದ್ದಾಗ ಹೆಂಡತಿ ಅನಂತಲಕ್ಷ್ಮಿ ಇಣುಕಿದಳು. “ಅಲ್ರೀ, ಮೊದಲು ಒಡೆದಿದ್ದ ಲಾಟೀನು ಆಮೇಲೆ ಅದು ಹೇಗ್ರೀ ವಾಸಿ ಆಯ್ತು? ಪುತ್ತೂರು ಕಟ್ಟು ಹಾಕ್ಸಿದ್ರಾ?”

“ಚಿತ್ರಕ್ಕೆ ಹೊಸ ಅಚ್ಚಿನ ಬ್ಲಾಕ್ ಮಾಡ್ಸಿರ್ತಾರೆ ಕಣೇ. ನಿನಗೇನು ಗೊತ್ತಾಗುತ್ತೆ, ಹೋಗು.”

ಆದರೂ ಭೂತಗನ್ನಡಿ ಹಿಡಿದ. ಲಾಟೀನಿನ ಹಿಡಿಯ ಹತ್ತಿರ ಸಣ್ಣದೊಂದು ಗೀರು. ಎರಡರಲ್ಲೂ ಅದೇ ಗೀರು, ಅದೇ ಜಾಗ. ಅಂದರೆ ಎರಡಕ್ಕೂ ಒಂದೇ ಬ್ಲಾಕು. ಒಡೆದ ಬ್ಲಾಕು ಕೂಡಿಕೊಳ್ಳುವುದಿಲ್ಲ. ಮೂರನೇ ಮುದ್ರಣವೇ ಮೊದಲು ಅಚ್ಚಾಗಿದೆ, ಮೊದಲನೆಯದು ಆಮೇಲೆ! ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಆರ್‌ಪಿಸಿ ಲೇಔಟಿಗೆ ಓಡಿದ.

ಗುರುಸಿದ್ದಯ್ಯ ಹಲ್ಲುಜ್ಜುತ್ತಲೇ ಒಪ್ಪಿಕೊಂಡ. “ಮೊದಲನೇ ಮುದ್ರಣ ಅಂತ ಹಾಕಿದ್ರೆ ಯಾರು ಸಾರ್ ಮುಟ್ತಾರೆ? ಯಾರೋ ಹೊಸಬ ಅಂದ್ಕೋತಾರೆ. ಅದಕ್ಕೇ ನೇರವಾಗಿ ಮೂರರಿಂದ ಶುರು ಮಾಡ್ದೆ.”

“ಮತ್ತೆ ಇದು?”

“ಪಾಪ, ನೀವು ಬಿಸಿಲಲ್ಲಿ ಮೊದಲನೇದು ಎಲ್ಲಿ, ಮೊದಲನೇದು ಎಲ್ಲಿ ಅಂತ ಅಲೀತಾ ಇದ್ರಲ್ಲ. ನೋಡೋಕಾಗ್ಲಿಲ್ಲ. ಒಂದೇ ಒಂದು ಪ್ರತಿ ಹೊಡೆಸಿ ನಿಮ್ಮ ರದ್ದಿ ಅಂಗಡೀಲಿ ಇಟ್ಟು ಬಂದೆ. ಅದನ್ನ ಹೊಡೆಸೋ ಹೊತ್ತಿಗೆ ಬ್ಲಾಕನ್ನ ಪ್ರೆಸ್ಸಿನವರ ಎಮ್ಮೆ ತುಳಿದುಬಿಟ್ಟಿತ್ತು.” ಬಾಯಿ ಮುಕ್ಕಳಿಸಿ ಕೇಳಿದ: “ಕವಿತೆ ಹೇಗಿದೆ ಸಾರ್?”

ವೆಂಕಟಗಿರಿಗೆ ಅದರಲ್ಲಿ ಕವಿತೆ ಇದೆಯೆಂದು ಗೊತ್ತಾದದ್ದೇ ಆಗ.

ಸಂಜೆ ವೇದಿಕೆ ಹತ್ತುವಾಗ ಅವನ ಕಾಲು ಎಷ್ಟು ನಡುಗಿತೆಂದರೆ ಮೈಸೂರು ರಸ್ತೆಯ ಬಸ್ಸುಗಳು ಭೂಕಂಪವೆಂದು ನಿಂತವಂತೆ. ನಿಜ ಹೇಳಿದರೆ ತಾನು ಪೆದ್ದ. ಹೇಳದಿದ್ದರೆ ನಾಳೆ ಇನ್ನೊಬ್ಬ ಭೂತಗನ್ನಡಿ ಹಿಡಿದು ಹೇಳುತ್ತಾನೆ. ಮೈಕು ಸಿಕ್ಕಿದ್ದೇ ತಡ, ನಾಲಿಗೆ ತಾನೇ ದಾರಿ ಹುಡುಕಿಕೊಂಡಿತು.

“ಕೆಲವು ಮೂರ್ಖ ಪಂಡಿತರು,” ಎಂದು ಗುಡುಗಿದ, “ಈ ಬಿರುಕನ್ನೇ ಮೊದಲ ಮುದ್ರಣದ ಗುರುತು ಅಂತ ನಂಬಿ ಮೋಸ ಹೋಗಿದ್ದಾರೆ!” ಆಮೇಲೆ ಗೀರು, ಬ್ಲಾಕು ಎಲ್ಲ ವಿವರಿಸಿ, ಆ ಪಂಡಿತರಿಗೆ ಕಣ್ಣಿಲ್ಲ, ಬುದ್ಧಿಯಿಲ್ಲ, ನಾಚಿಕೆಯಿಲ್ಲ ಎಂದು ಮನಸಾರೆ ಉಗಿದ. ಸಭೆ ಚಪ್ಪಾಳೆ ತಟ್ಟಿತು.

“ಅದ್ಭುತ ಸಾರ್!” ಎಂದ ಚಕ್ರಪಾಣಿ. “ನಿಮ್ಮ ಲೇಖನದಲ್ಲೂ ಇದನ್ನೇ ಬರ್ದಿದ್ದೀರಿ, ಓದಿದೀನಿ. ಅಂದಹಾಗೆ, ಯಾರು ಸಾರ್ ಆ ಪಂಡಿತರು?”

“ಬಿಡಿ, ಹೆಸರು ಹೇಳಿದ್ರೆ ಪಾಪ ಬೇಜಾರು ಮಾಡ್ಕೋತಾರೆ.”

“ಹೇಳ್ರೀ, ಪರವಾಗಿಲ್ಲ,” ಎಂದಳು ಅನಂತಲಕ್ಷ್ಮಿ, ಹಿಂದಿನ ಬೆಂಚಿನಿಂದ. “ಆ ಪಂಡಿತರು ಬೇಜಾರು ಮಾಡ್ಕೊಂಡ್ರೆ ಮನೇಲಿ ನಾನು ಸಮಾಧಾನ ಮಾಡ್ತೀನಿ.”

ಸಭೆ ಒಮ್ಮೆ ಅವಳತ್ತ, ಒಮ್ಮೆ ಅವನತ್ತ ತಿರುಗಿತು. ವೆಂಕಟಗಿರಿ ಗಂಟಲು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, ತಾನೇ ವಂದನಾರ್ಪಣೆ ಶುರುಮಾಡಿದ.