ನಾಲ್ಕನೇ ಕ್ಲಾಸಿನಲ್ಲಿ ಅಜ್ಜಿ

ಮೊನ್ನೆ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಸಕಲೇಶಪುರದ ಆ ಶಾಲೆಗೆ ದೊಡ್ಡವರ ಕುರ್ಚಿಗಳ ಬಗ್ಗೆ ಏನೋ ತಾತ್ವಿಕ ವಿರೋಧವಿರಬೇಕು. ನಮ್ಮನ್ನೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ಕೂರಿಸುತ್ತಾರೆ. ನೀವೂ ಒಮ್ಮೆ ಕೂತು ನೋಡಿ. ಮೊಣಕಾಲು ಗದ್ದಕ್ಕೆ ತಾಗುತ್ತದೆ, ಏಳಬೇಕಾದರೆ ಯಾರಾದರೂ ಕೈ ಕೊಡಬೇಕು, ಸ್ವಲ್ಪ ಹೊತ್ತು ಹಾಗೇ ಕೂತರೆ ನಮಗೆ ಗೊತ್ತಿದೆ ಅಂದುಕೊಂಡಿದ್ದ ಎಷ್ಟೋ ಸಂಗತಿ ಗೊತ್ತಿಲ್ಲವೇನೋ ಅನ್ನಿಸತೊಡಗುತ್ತದೆ. ನನ್ನ ಪಕ್ಕದಲ್ಲಿ ದೊಡ್ಡ ಎಸ್ಟೇಟಿನ ಮಾಲೀಕರೊಬ್ಬರು ಗುಲಾಬಿ ಬಣ್ಣದ ಕುರ್ಚಿಯೊಳಗೆ ಸಿಕ್ಕಿಕೊಂಡು ಕೈಕಟ್ಟಿ ಕೂತಿದ್ದರು. ತಮ್ಮ ತೋಟದಲ್ಲಿ ಲೆಕ್ಕ ಬರೆಯುವ ರೈಟರನ್ನು ಸಹ ನಿಲ್ಲಿಸಿಯೇ ಮಾತಾಡಿಸುವ ಮನುಷ್ಯ, ಇಲ್ಲಿ ಗಣಿತದ ಮಿಸ್ ಹೆಸರು ಕರೆದ ಕೂಡಲೇ ‘ಯೆಸ್ ಮಿಸ್’ ಎಂದುಬಿಟ್ಟರು.

ಸರದಿಗೆ ಕಾಯುತ್ತ ಕೂತಿದ್ದಾಗ ನನಗೆ ನನ್ನ ಅಜ್ಜಿಯ ನೆನಪಾಯಿತು. ದೊಡ್ಡವರಾದ ಮೇಲೆ ಮಕ್ಕಳ ಕ್ಲಾಸಿನಲ್ಲಿ ಹೇಗೆ ಕೂರಬೇಕೆಂದು ನಮ್ಮ ಮನೆಯಲ್ಲಿ ಸರಿಯಾಗಿ ತಿಳಿದಿದ್ದವಳು ಅವಳೊಬ್ಬಳೇ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳೂ ನಾಲ್ಕನೇ ಕ್ಲಾಸಿನಲ್ಲಿದ್ದಳು.

ತೊಂಬತ್ತರ ದಶಕದ ಮಾತು. ಆಲೂರು ತಾಲ್ಲೂಕಿನ ಮಗ್ಗೆಗೆ ಹೋಗುವ ಟಾರು ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಒಳಗೆ ಹೋದರೆ ಸಿಗುವ ಊರು ನಮ್ಮದು. ಶಾಲೆಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಆದರೆ ತರಗತಿಗಳು ಮಾತ್ರ ಪೂರ್ತಿ ನಾಲ್ಕು. ಒಂದೊಂದು ತರಗತಿಯೂ ಒಂದೊಂದು ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ಇದರಿಂದ ನಮ್ಮ ವಿದ್ಯಾಭ್ಯಾಸಕ್ಕೆ ಒಂದು ವಿಶೇಷ ಹದ ಬಂದಿತ್ತು. ಎರಡನೇ ಕ್ಲಾಸಿನಲ್ಲಿದ್ದಾಗ ನಾನು ನಾಲ್ಕನೆಯವರ ರಾಜಮಹಾರಾಜರನ್ನು ಕಿವಿಗೊಟ್ಟು ಕಲಿತೆ. ನಾಲ್ಕನೆಯದಕ್ಕೆ ಬಂದಾಗ ಒಂದನೆಯವರ ‘ಅ ಆ ಇ ಈ’ಯನ್ನು ಮೈಮರೆತು ಕೇಳಿದೆ. ನನ್ನ ತರಗತಿಯ ಪಾಠವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನನಗೆ ಚೆನ್ನಾಗಿ ಬರುತ್ತಿತ್ತು.

ನಮ್ಮ ಮೇಷ್ಟ್ರು ಸಿದ್ದಪ್ಪನವರು ಅರಸೀಕೆರೆ ಕಡೆಯ ಬಯಲುಸೀಮೆಯವರು. ನಮ್ಮೂರಿನ ಚಳಿಗೆ ಅವರು ಕೊನೆಗೂ ಒಗ್ಗಲಿಲ್ಲ. ಮೇ ತಿಂಗಳಲ್ಲೂ ಸ್ವೆಟರ್ ಹಾಕಿರುತ್ತಿದ್ದರು. ಮೆತ್ತಗಿನ ಮನುಷ್ಯ, ಯಾರಿಗೂ ಹೊಡೆದವರಲ್ಲ. ಹೊಡೆಯಬೇಕಾದರೆ ಸ್ವೆಟರಿನೊಳಗಿಂದ ಕೈ ಹೊರಗೆ ತೆಗೆಯಬೇಕಾಗುತ್ತದಲ್ಲ, ಅದಕ್ಕೇ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಆ ವರ್ಷ ಮನೆಯಲ್ಲಿ ಒಂದು ಚರ್ಚೆ ನಡೆದಿತ್ತು. ಐದನೇ ಕ್ಲಾಸಿಗೆ ನನ್ನನ್ನು ಮಗ್ಗೆಯ ಶಾಲೆಗೆ ಕಳಿಸುವುದೋ ಬೇಡವೋ? ಟಾರು ರಸ್ತೆಯವರೆಗೆ ನಡೆದು ಬಸ್ಸು ಹತ್ತಬೇಕು, ದಾರಿಯಲ್ಲಿ ಆನೆಗಳ ಓಡಾಟ. ನನ್ನ ದೊಡ್ಡಪ್ಪನ ಮಗಳು ಸುಶೀಲಕ್ಕನನ್ನು ನಾಲ್ಕಕ್ಕೇ ಬಿಡಿಸಿ, ಕೆಲವೇ ವರ್ಷಗಳಲ್ಲಿ ಮದುವೆ ಮಾಡಿದ್ದರು. ಅಪ್ಪನನ್ನು ಕೇಳಿದರೆ, ‘ಅವ್ವ ಏನ್ ಹೇಳ್ತಳೋ ಹಂಗೆ’ ಎಂದು ಗದ್ದೆಯ ಕಡೆ ನಡೆದುಬಿಡುತ್ತಿದ್ದ. ಅಪ್ಪನ ಅವ್ವ, ಅಂದರೆ ನನ್ನ ಅಜ್ಜಿ ಗಂಗಮ್ಮ, ಇನ್ನೂ ಏನೂ ಹೇಳಿರಲಿಲ್ಲ. ಹೇಳದಿದ್ದರೆ ಬೇಡವೆಂದೇ ಅರ್ಥ.

ಇಂಥ ನಾಜೂಕಿನ ಸಮಯದಲ್ಲಿ ನಾನು ಬಾಯಿ ಬಿಟ್ಟೆ. ಅಜ್ಜಿ ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಧರಿಸಿ, ಅಂಗಳದಲ್ಲಿ ನಿಂತು ಹುಟ್ಟುವ ಸೂರ್ಯನಿಗೆ ಕೈಮುಗಿಯುತ್ತಿದ್ದಳು. ಅವತ್ತು ಅವಳು ಕಣ್ಣು ಮುಚ್ಚಿ ನಿಂತಿದ್ದಾಗ ಪಕ್ಕದಲ್ಲಿ ಹೋಗಿ ನಿಂತು, ‘ಅಜ್ಜಿ, ಸೂರ್ಯ ಹುಟ್ಟೋದೇ ಇಲ್ವಂತೆ. ಅವನು ಅಲ್ಲೇ ಇರ್ತಾನಂತೆ, ನಾವೇ ತಿರುಗೋದಂತೆ’ ಎಂದೆ.

ಅಜ್ಜಿ ಒಂದು ಕಣ್ಣು ತೆರೆದಳು. ‘ಯಾರೇ ಹೇಳಿದ್ದು?’

‘ಮೇಷ್ಟ್ರು. ವಿಜ್ಞಾನದಲ್ಲಿ ಐತೆ.’

‘ಶಿವನೇ!’ ಎಂದಳು. ಎಲೆಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಡೆ ಹಿಡಿದು ನನ್ನ ಜೊತೆಯಲ್ಲೇ ಶಾಲೆಗೆ ಹೊರಟಳು. ನನಗೆ ಆಗಲೇ ಮಗ್ಗೆಯ ಬಸ್ಸು ಕಣ್ಣೆದುರೇ ಹೊರಟುಹೋದಂತಾಗಿತ್ತು.

ಮೇಷ್ಟ್ರು ಜಗಳವಾಡಲಿಲ್ಲ. ‘ಬನ್ನಿ ಅಜ್ಜಿ, ತೋರಿಸ್ತೀನಿ’ ಎಂದು ಬಾಗಿಲ ಪಕ್ಕ ಗೋಣಿಚೀಲ ಹಾಸಿ ಕೂರಿಸಿದರು. ಒಬ್ಬ ಹುಡುಗನನ್ನು ಸೂರ್ಯನನ್ನಾಗಿ ನಡುವೆ ನಿಲ್ಲಿಸಿ, ನನ್ನನ್ನು ಭೂಮಿ ಮಾಡಿದರು. ‘ನಿನ್ನ ಸುತ್ತ ನೀನೇ ತಿರುಗ್ತಾ ಅವನ ಸುತ್ತ ಹೋಗಮ್ಮ’ ಎಂದರು. ಅಜ್ಜಿ ನೋಡುತ್ತಿದ್ದಾಳೆಂಬ ಉತ್ಸಾಹಕ್ಕೆ ನಾನು ಬೇಕಾದ್ದಕ್ಕಿಂತ ಜೋರಾಗಿ ತಿರುಗಿದೆ. ಭೂಮಿಯ ಲೆಕ್ಕದಲ್ಲಿ ಅರ್ಧ ವರ್ಷ ಕೂಡ ಆಗಿರಲಿಲ್ಲ, ತಲೆ ಸುತ್ತಿ ಎರಡನೇ ಕ್ಲಾಸಿನವರ ಮೇಲೆ ಬಿದ್ದೆ.

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. ‘ನೋಡಿದ್ರಾ ಮೇಷ್ಟ್ರೇ? ಒಂದ್ ಗಳಿಗೆ ತಿರುಗಿದ್ದಕ್ಕೆ ಹುಡುಗಿ ಬಿದ್ದೋಗ್ಬುಟ್ಲು. ಭೂಮಿ ದಿನಾ ಹಿಂಗೆ ತಿರುಗ್ತಿದ್ರೆ ನಾವು ನೀವು ನಿಂತಿರ್ತಿದ್ವಾ?’

ಮೇಷ್ಟ್ರು ತಲೆ ಕೆರೆದುಕೊಂಡು, ಬಸ್ಸಿನಲ್ಲಿ ಕೂತಾಗ ಮರಗಳು ಹಿಂದಕ್ಕೆ ಓಡುವ ಉದಾಹರಣೆ ಕೊಟ್ಟರು. ಅಜ್ಜಿ ಆಲೂರಿಗೆ ಬಸ್ಸಿನಲ್ಲಿ ಹೋಗಿ ಬಂದವಳು. ‘ಬಸ್ಸಲ್ಲಿ ಹೊಟ್ಟೆ ತೊಳಸ್ತೈತೆ. ಭೂಮಿ ಮೇಲ್ಯಾಕೆ ತೊಳ್ಸಲ್ಲ?’ ಎಂದಳು.

‘ಅದನ್ನ ಓದ್ಕೊಂಡು ಬಂದು ಹೇಳ್ತೀನಿ ಅಜ್ಜಿ. ನಾಳೆ ಬನ್ನಿ’ ಎಂದರು ಮೇಷ್ಟ್ರು.

ಮರ್ಯಾದೆಗೆ ಆಡಿದ ಮಾತು ಅದು. ಅಜ್ಜಿ ಅದನ್ನು ಮಾತಿನಂತೆಯೇ ತೆಗೆದುಕೊಂಡು ಮಾರನೆಯ ದಿನವೂ ಹೋದಳು. ಭೂಮಿ ದೊಡ್ಡದು, ಕುಲುಕದೆ ಒಂದೇ ಹದದಲ್ಲಿ ತಿರುಗುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ ಎಂದು ಮೇಷ್ಟ್ರು ವಿವರಿಸಿದರು. ಅವಳು ಒಪ್ಪಲಿಲ್ಲ. ಒಪ್ಪದಿದ್ದುದರಿಂದ ಅದರ ಮಾರನೆಯ ದಿನವೂ ಹೋಗಬೇಕಾಯಿತು. ಮನೆಯಲ್ಲಿ ಮಾತ್ರ, ‘ಹುಡುಗಿಗೆ ಅದೇನ್ ಹೇಳ್ಕೊಡ್ತಾರೋ ನೋಡ್ಬೇಕಲ್ಲ’ ಎನ್ನುತ್ತಿದ್ದಳು. ಹೀಗೆ ನೋಡುತ್ತ ನೋಡುತ್ತ ಬಾಗಿಲ ಪಕ್ಕದ ಗೋಣಿಚೀಲ ಅವಳದೇ ಆಗಿಹೋಯಿತು.

ನನ್ನ ಅವಸ್ಥೆ ಊಹಿಸಿಕೊಳ್ಳಿ. ಸ್ನೇಹಿತೆಯರ ಎದುರು ನಾಚಿಕೆ. ಪಾಠ ಬಿಟ್ಟು ಪಕ್ಕದ ಗೋಡೆಯವರದ್ದನ್ನು ಕೇಳಿಸಿಕೊಂಡರೆ ಹಿಂದಿನಿಂದ, ‘ಇತ್ಲಾಗ್ ನೋಡೇ!’ ಎಂಬ ಗದರಿಕೆ. ಹೋಗಲಿ, ಅವಳಾದರೂ ಸುಮ್ಮನೆ ಇರುತ್ತಿದ್ದಳೇ? ಕನ್ನಡದ ಪಾಠ ನಡೆದಿತ್ತು. ನಾನು ಎದ್ದು ನಿಂತು, ‘ಕಾಡಿನಲ್ಲಿ ಒಂದು ನರಿ ಐತೆ’ ಎಂದೆ. ‘ಐತೆ ಅಲ್ಲಮ್ಮ, ಇದೆ’ ಎಂದು ಮೇಷ್ಟ್ರು ತಿದ್ದಿದರು.

‘ಯಾಕೆ, ಐತೆ ಅಂದ್ರೆ ನರಿ ಇರಲ್ವಾ?’ ಎಂದಳು ಅಜ್ಜಿ ಬಾಗಿಲಿನಿಂದ.

‘ಇರುತ್ತೆ ಅಜ್ಜಿ. ಆದ್ರೆ ಪುಸ್ತಕದಲ್ಲಿ ಇದೆ ಅಂತ ಇದೆ.’

‘ಪುಸ್ತಕದಲ್ಲಿ ಇದೆ ಇರ್ಲಿ, ಕಾಡಲ್ಲಿ ಐತೆ ಇರ್ಲಿ ಬುಡಿ’ ಎಂದು ಅಜ್ಜಿ ರಾಜಿ ಮಾಡಿಸಿದಳು. ಇವತ್ತಿಗೂ ನಾನು ಬರೆಯುವಾಗ ಒಂದು, ಆಡುವಾಗ ಒಂದು. ಈ ವಿಷಯದಲ್ಲಿ ಅಜ್ಜಿಯ ತೀರ್ಪೇ ಜಾರಿಯಲ್ಲಿದೆ.

ಚರಿತ್ರೆ ಅವಳಿಗೆ ಹಿಡಿಸಲಿಲ್ಲ. ಯುದ್ಧ ಶುರುವಾದೊಡನೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು, ಪಟ್ಟಾಭಿಷೇಕದ ಹೊತ್ತಿಗೆ ಎದ್ದು, ‘ಗೆದ್ದೋನು ಯಾರು?’ ಎಂದು ಪಕ್ಕದ ಹುಡುಗನನ್ನು ಕೇಳುತ್ತಿದ್ದಳು. ಅವಳನ್ನು ಮರುಳು ಮಾಡಿದ್ದು ಭೂಗೋಳ. ಗೋಡೆಗೆ ತೂಗುಹಾಕಿದ್ದ ಕರ್ನಾಟಕದ ಭೂಪಟದಲ್ಲಿ ಮೇಷ್ಟ್ರು ಕೋಲಿನಿಂದ ಹೇಮಾವತಿಯನ್ನು ತೋರಿಸಿದರು. ನಮ್ಮೂರ ಹಳ್ಳ ಆ ಹೊಳೆಗೆ, ಹೊಳೆ ಕಾವೇರಿಗೆ, ಕಾವೇರಿ ತಮಿಳುನಾಡು ದಾಟಿ ಸಮುದ್ರಕ್ಕೆ.

ಅಜ್ಜಿ ಎದ್ದು ಬಂದು ಭೂಪಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ‘ನಮ್ ಹಳ್ಳದ್ ನೀರಾ? ನಾವು ಸೀರೆ ಒಗೆಯೋ ಹಳ್ಳದ್ದಾ?’

‘ಹೌದಜ್ಜಿ, ಅದೇ.’

‘ಅಯ್ಯೋ, ನನ್ ಸೀರೆ ಕೊಳೆ ಸಮುದ್ರ ನೋಡ್ಬುಟ್ತಾ! ನಾನು ಆಲೂರು ದಾಟಿಲ್ಲ ಕಣ್ರೀ’ ಎಂದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಆದರೆ ಅವತ್ತು ಮನೆಗೆ ಹೋಗುವಾಗ ಹಳ್ಳದ ದಂಡೆಯಲ್ಲಿ ನಿಂತು ನೀರು ಹೋಗುವ ದಿಕ್ಕನ್ನೇ ನೋಡುತ್ತಿದ್ದಳು. ‘ನಡೀ ಅಜ್ಜಿ, ಹಸಿವು’ ಎಂದು ನಾನು ಸೆರಗು ಜಗ್ಗಿದ ಮೇಲೆಯೇ ಅಲ್ಲಿಂದ ಕದಲಿದಳು.

ನನ್ನ ಹಣೆಬರಹ ತೀರ್ಮಾನವಾದದ್ದು ಮಾತ್ರ ಗಣಿತದಲ್ಲಿ, ನಾನು ಅತ್ಯಂತ ದಡ್ಡಳಾಗಿದ್ದ ವಿಷಯದಲ್ಲಿ. ಒಂದು ಗದ್ದೆಯನ್ನು ಇಷ್ಟು ಜನ ಇಷ್ಟು ದಿನದಲ್ಲಿ ನಾಟಿ ಮಾಡಿದರೆ, ಅದರ ಎರಡರಷ್ಟು ಜನ ಎಷ್ಟು ದಿನದಲ್ಲಿ ಮಾಡುತ್ತಾರೆ? ನಾನು ಹಲಗೆಯ ಮುಂದೆ ನಿಂತು ಸೀಮೆಸುಣ್ಣವನ್ನು ಹಿಂಡುತ್ತಿದ್ದೆ. ಅಜ್ಜಿಗೆ ತಡೆಯಲಾಗಲಿಲ್ಲ.

‘ಮೇಷ್ಟ್ರೇ, ಯಾರ್ಯಾರು ಬಂದಿದ್ರು ನಾಟಿಗೆ? ಒಬ್ಬೊಬ್ರು ಕೈ ಒಂದೊಂದ್ ಥರ.’

‘ಲೆಕ್ಕದಲ್ಲಿ ಹಾಗಿಲ್ಲ ಅಜ್ಜಿ. ಎಲ್ರೂ ಒಂದೇ.’

‘ಎಲ್ರೂ ಅಂದ್ರೆ? ಗೌಡ್ರೂ ಆಳೂ ಒಂದೇನಾ?’

‘ಒಂದೇ.’

‘ಗಂಡಸ್ರೂ ಹೆಂಗಸ್ರೂ?’

‘ಲೆಕ್ಕದಲ್ಲಿ ಒಬ್ರು ಅಂದ್ರೆ ಒಬ್ರೇ ಅಜ್ಜಿ. ಹೆಂಗಸು ಅಂತ ಮುಕ್ಕಾಲು ಅಂತ ಹಾಕೋಕಾಗಲ್ಲ.’

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿಯ ಬೆರಳು ಹಾಗೇ ನಿಂತಿತ್ತು. ನಾನು ತಪ್ಪು ಉತ್ತರ ಬರೆದು ಬಂದು ಕೂತೆ.

ಪರೀಕ್ಷೆ ಮುಗಿಯಿತು. ಹೇಗೋ ಪಾಸಾದೆ. ದೊಡ್ಡಪ್ಪ ಮನೆಗೆ ಬಂದು ಜಗಲಿಯಲ್ಲಿ ಕೂತು ತಾನೇ ಮಾತು ತೆಗೆದ. ‘ಸಾಕು ಬುಡವ್ವ, ನಾಲ್ಕಾಯ್ತಲ್ಲ. ಹೆಣ್ಣುಡುಗಿ. ದಾರೀಲಿ ಆನೆ ಬೇರೆ.’ ಅಪ್ಪ ಎಂದಿನಂತೆ ಗದ್ದೆಯ ಕಡೆ ನೋಡಿದ. ಅಮ್ಮ ಒಳಬಾಗಿಲಲ್ಲಿ ಕೈಯಲ್ಲಿ ಮೊರ ಹಿಡಿದು ನಿಂತಿದ್ದಳು, ಕೇರುವುದನ್ನು ನಿಲ್ಲಿಸಿದ್ದಳು.

‘ಓಗ್ಲಿ ಮಗ್ಗೆಗೆ’ ಎಂದಳು ಅಜ್ಜಿ.

‘ಆನೆ ಬಂದ್ರೆ?’

‘ಯಾಕ್ಲಾ, ಮದುವೆಯಾದೋರ್ನ ಕಂಡ್ರೆ ಆನೆ ದಾರಿ ಬುಡ್ತೈತಾ? ನಿನ್ ಸುಸೀಲ ಅದೇ ದಾರೀಲಿ ಬಸುರಿ ಹೊಟ್ಟೆ ಹೊತ್ಕೊಂಡು ಓಡಾಡ್ತಿಲ್ವಾ?’ ದೊಡ್ಡಪ್ಪ ಕಾಫಿ ಲೋಟದೊಳಗೆ ನೋಡತೊಡಗಿದ. ಅಜ್ಜಿ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು: ‘ಆ ಮೇಷ್ಟ್ರು ಹೇಳೋದೆಲ್ಲ ನಿಜ ಅಂತಲ್ಲ ಕಣೋ. ಅರ್ಧಕ್ಕರ್ಧ ಸುಳ್ಳು. ಆದ್ರೆ ಅಲ್ಲೊಂದು ಲೆಕ್ಕ ಐತೆ, ಅದ್ರಲ್ಲಿ ಹೆಂಗಸ್ರೂ ಒಂದೇ ಗಂಡಸ್ರೂ ಒಂದೇ ಅಂತ ಹಿಡೀತಾರೆ. ನಮ್ಮನೇಲಿ ಆ ಲೆಕ್ಕ ಯಾರ್ಗೂ ಬರಲ್ಲ. ಇವ್ಳಾದ್ರೂ ಕಲೀಲಿ.’

ಒಳಗೆ ಅಮ್ಮನ ಮೊರ ಮತ್ತೆ ಸದ್ದು ಮಾಡಿತು, ಕಲ್ಲಿಲ್ಲದ ಅಕ್ಕಿಯನ್ನೂ ಜೋರಾಗಿ ಕೇರುತ್ತಿದ್ದಳು. ಇಡೀ ಮನೆಯಲ್ಲಿ ಗಣಿತಕ್ಕೆ ಹೆದರುತ್ತಿದ್ದವಳು ನಾನೊಬ್ಬಳೇ. ನನ್ನನ್ನೇ ಅದಕ್ಕೆ ಆರಿಸಿ ಕಳಿಸಿದರು.

ಜೂನ್ ಬಂತು. ಮೊದಲ ದಿನ ಅಜ್ಜಿ ಟಾರು ರಸ್ತೆಯವರೆಗೆ ಬಂದಳು. ಮೋಡ ಸ್ವಲ್ಪ ಸರಿದು ಬಿಸಿಲು ಇಣುಕಿತ್ತು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಆ ಕಡೆ ತಿರುಗಿ ಕೈಮುಗಿದಳು. ‘ನೀನೇ ತಿರುಗ್ತಿಯೋ, ನಾವೇ ತಿರುಗ್ತಿವೋ, ಅದೇನಾರ ಆಗ್ಲಿ. ಹುಡುಗೀನ ನೋಡ್ಕೊ’ ಎಂದಳು. ಬಸ್ಸು ಬಂತು, ನಾನು ಹತ್ತಿದೆ. ಕಿಟಕಿಯಿಂದ ನೋಡಿದರೆ, ಮೇಷ್ಟ್ರು ಹೇಳಿದ್ದಂತೆಯೇ, ಮರಗಳೂ ಅಜ್ಜಿಯೂ ಹಿಂದಕ್ಕೆ ಹೋದರು. ಹೊಟ್ಟೆಯೂ ತೊಳಸಿತು.

ನನ್ನ ಸರದಿ ಬಂದಾಗ ಮಗಳ ಕ್ಲಾಸ್ ಟೀಚರ್ ನಗುತ್ತ, ‘ನಿಮ್ಮ ಮಗಳದ್ದು ಏನೂ ತೊಂದರೆಯೇ ಇಲ್ಲ ಮೇಡಂ. ಎಲ್ಲ ಸಬ್ಜೆಕ್ಟಲ್ಲೂ ಚೆನ್ನಾಗಿದ್ದಾಳೆ. ಹೇಳಿದ್ದನ್ನ ಹೇಳಿದ ಹಾಗೆ ಬರೀತಾಳೆ. ಒಂದು ದಿನ ಒಂದು ಪ್ರಶ್ನೆ ಅಂತ ಕೇಳಿದವಳಲ್ಲ’ ಎಂದರು. ಅರ್ಧ ಗಂಟೆ ಮೊದಲು ಹೇಳಿದ್ದರೆ ಹೆಮ್ಮೆಯಿಂದ ಬೀಗುತ್ತಿದ್ದೆ. ಈಗ, ಮಗುವಿಗೆ ಜ್ವರವಿದೆ ಎಂದು ಹೇಳಿದಂತೆ ಕೇಳಿಸಿತು. ಕುರ್ಚಿಯಿಂದ ನನ್ನನ್ನು ಬಿಡಿಸಿಕೊಂಡು ಹೊರಗೆ ಬಂದೆ.

ಸ್ಕೂಟರಿನಲ್ಲಿ ಮನೆಗೆ ಹೋಗುತ್ತ, ಹಿಂದೆ ಕೂತಿದ್ದ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಪೇಟೆಯ ಗದ್ದಲದಲ್ಲಿ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಗೇಟಿನ ಮುಂದೆ ಇಳಿದ ಮೇಲೆ ಕೇಳಿದಳು:

‘ಮತ್ತೆ ಮುತ್ತಜ್ಜಿ ಐದನೇ ಕ್ಲಾಸಿಗೆ ಯಾಕೆ ಬರ್ಲಿಲ್ಲ?’

ಈ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಆ ಜೂನಿನಲ್ಲಿ ಸಿದ್ದಪ್ಪ ಮೇಷ್ಟ್ರು ದಾರಿಯಲ್ಲಿ ಸಿಕ್ಕಿ, ‘ಯಾಕಜ್ಜಿ, ಶಾಲೆ ಕಡೆ ಬರೋದೇ ಇಲ್ಲ?’ ಎಂದದ್ದು ನೆನಪಾಯಿತು. ‘ಇನ್ಯಾರ ನೆಪ ಹೇಳ್ಕೊಂಡು ಬರ್ಲಿ ಮಾರಾಯ್ರೇ?’ ಎಂದು ಅಜ್ಜಿ ನಕ್ಕಿದ್ದಳು. ನಾನೂ ಪಕ್ಕದಲ್ಲಿ ನಿಂತು ನಕ್ಕಿದ್ದೆ, ಅದು ತಮಾಷೆಯ ಮಾತೆಂದುಕೊಂಡು.

‘ಫೇಲಾದ್ರಾ ಅಮ್ಮ?’ ಮಗಳು ಮತ್ತೆ ಕೇಳಿದಳು.

‘ಇಲ್ಲ ಕಣೆ, ಪಾಸಾಗಿದ್ಲು’ ಎಂದೆ. ‘ಮುಂದಿನ ಕ್ಲಾಸಿಗೆ ಕಳಿಸೋಕೆ ಅವಳಿಗೊಬ್ಬ ಅಜ್ಜಿ ಇರ್ಲಿಲ್ಲ.’